ಬಾಲ್ಕನಿಯ ತೂಗುಮಣೆಗೂ ಮನೆಯೊಳಗಿನ ಕುರ್ಚಿಗೂ ಒಂದೇ ಪಾಲಿಶ್ ನಡೆಯುತ್ತದಾ?

ಕೋಟೇಶ್ವರದಾಕೆ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ಮರದ ಕೆಲಸ ಬಲ್ಲವರು ದಯವಿಟ್ಟು ಸ್ವಲ್ಪ ದಾರಿ ಹೇಳಿ.

ನಮ್ಮಲ್ಲಿ ಮೂರು ಸಾಮಾನಿಗೆ ಪಾಲಿಶ್ ಆಗಬೇಕು. ಊರಿಂದ ತಂದ ಹಲಸಿನ ತೂಗುಮಣೆ ಬಾಲ್ಕನಿಯಲ್ಲಿದೆ. ಪಶ್ಚಿಮಕ್ಕೆ ಮುಖ. ಮಳೆಗಾಲದಲ್ಲಿ ಎರಚಲು ಬಡಿಯುತ್ತದೆ, ಬೇಸಿಗೆಯಲ್ಲಿ ಮಧ್ಯಾಹ್ನದಿಂದ ಸಂಜೆವರೆಗೂ ಬಿಸಿಲು. ಆಮೇಲೆ ಸಾಗುವಾನಿಯ ಮುಂಬಾಗಿಲು. ಅದಕ್ಕೆ ಮಳೆ ತಾಗುವುದಿಲ್ಲ, ಆದರೆ ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ಹಿಡಿದುಕೊಳ್ಳುತ್ತದೆ. ಮೂರನೆಯದು ಅಜ್ಜನ ಕಾಲದ ಬೀಟೆ ಮರದ ಕುರ್ಚಿ. ಅದು ಹಾಲ್‌ನಲ್ಲೇ ಇರುತ್ತದೆ. ಅದರ ಕೈಗಳ ಮೇಲೆ ಚಹಾ ಕಪ್ಪಿನ ಬಿಳಿ ಉಂಗುರಗಳು ಬಿದ್ದಿವೆ.

ತೂಗುಮಣೆಗೆ ಹಿಂದೆ ಒಬ್ಬರು ಹೊಳೆಯುವ ವಾರ್ನಿಷ್ ಹೊಡೆದುಕೊಟ್ಟಿದ್ದರು. ಒಂದು ಮಳೆಗಾಲ ಕಳೆದ ಮೇಲೆ ಹಕ್ಕಳೆ ಹಕ್ಕಳೆಯಾಗಿ ಎದ್ದಿತು. ಈಗ ಬಂದ ಪಾಲಿಶ್‌ನವರು ಮೂರಕ್ಕೂ ಮೆಲಮೈನ್ ಹೊಡೆಯೋಣ, ಚೌತಿಯ ಒಳಗೆ ಮುಗಿಸಿಕೊಡುತ್ತೇನೆ ಅನ್ನುತ್ತಾರೆ. ಒಪ್ಪಿಕೊಳ್ಳಲಾ? ಗಣಪತಿ ಕೂರಿಸುವ ಮನೆ, ಅಷ್ಟರೊಳಗೆ ಆದರೆ ಚೆಂದ ಅಂತ ನಮಗೂ ಆಸೆ.

ಮುಲುಂಡ್ ಪೂರ್ವ

ಬಾಲ್ಕನಿಗೆ ಮೆಲಮೈನ್ ಬೇಡವೇ ಬೇಡ ಅಕ್ಕ. ಅದು ಒಳಗಿನ ಪಾಲಿಶ್. ನಮ್ಮ ಸೊಸೈಟಿಯಲ್ಲಿ ಎಷ್ಟೋ ಮನೆಯ ಬಾಲ್ಕನಿ ಬೆಂಚುಗಳು ಹೀಗೇ ಹಾಳಾಗಿವೆ.

ರಾಳ, ಠಾಣೆ

ಅಕ್ಕ, ನಾನು ಬಣ್ಣದ ಕಾರ್ಖಾನೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಯಾವ ಡಬ್ಬ ತರಬೇಕು ಅನ್ನುವುದಕ್ಕಿಂತ ಮೊದಲು ಹಕ್ಕಳೆ ಯಾಕೆ ಎದ್ದಿತು ಅಂತ ನೋಡೋಣ. ಅದು ತಿಳಿದರೆ ಅಂಗಡಿಯವನು ಏನು ಹೇಳಿದರೂ ನೀವೇ ತೂಗಿ ನೋಡಬಹುದು.

ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟಿಗೆ ಲಿಗ್ನಿನ್ ಅಂತ ಹೆಸರು. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಈ ಲಿಗ್ನಿನ್ನನ್ನು ಒಡೆಯುತ್ತದೆ. ಬಣ್ಣವಿಲ್ಲದ ವಾರ್ನಿಷ್ ಹೊಡೆದರೆ ಮರ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಆದರೆ ಕಿರಣಕ್ಕೂ ದಾರಿ ತೆರೆದೇ ಇರುತ್ತದೆ. ಅಂಗಡಿಯ ಗಾಜಿನ ಹಿಂದೆ ತೂಗುಹಾಕಿದ ಸೀರೆ ಬಣ್ಣ ಕಳೆದುಕೊಳ್ಳುತ್ತದಲ್ಲ, ಹಾಗೆ. ಮೇಲಿನ ಪದರಕ್ಕೆ ಏನೂ ಆಗಿರುವುದಿಲ್ಲ, ಅದರ ಕೆಳಗಿನ ಮರದ ಮೈ ಪುಡಿಯಾಗಿರುತ್ತದೆ. ಹಿಡಿದುಕೊಳ್ಳಲು ಏನೂ ಇಲ್ಲದಿದ್ದಾಗ ಪದರ ಏಳುತ್ತದೆ. ಎದ್ದ ಹಕ್ಕಳೆಯ ಹಿಂಬದಿ ನೋಡಿ. ಸಣ್ಣ ನಾರು ಅಂಟಿಕೊಂಡಿದ್ದರೆ ಕಾರಣ ಇದೇ.

ಇನ್ನೊಂದು ಕಾರಣ ನೀರು. ಗಾಳಿಯ ತೇವ ಏರಿದರೆ ಮರ ಹಿಗ್ಗುತ್ತದೆ, ಇಳಿದರೆ ಕುಗ್ಗುತ್ತದೆ. ಉದ್ದಕ್ಕೆ ಅಲ್ಲ, ಅಗಲಕ್ಕೆ. ಗಾಳಿಯ ತೇವ ಶೇ 65 ಇದ್ದಾಗ ಮರದೊಳಗಿನ ತೇವ ಸುಮಾರು ಶೇ 12ಕ್ಕೆ ನಿಲ್ಲುತ್ತದೆ. ಗಾಳಿ ಶೇ 90ಕ್ಕೆ ಹೋದರೆ ಮರ ಶೇ 20ರ ಹತ್ತಿರ ಬರುತ್ತದೆ. ನಮ್ಮ ಜುಲೈ ತಿಂಗಳು ಹಾಗೆಯೇ ಇರುತ್ತದೆ ಅಲ್ವಾ? ಎರಡು ಅಡಿ ಅಗಲದ ಹಲಗೆ ಬೇಸಿಗೆಯಿಂದ ಮಳೆಗಾಲಕ್ಕೆ ನಾಲ್ಕೈದು ಮಿಲಿಮೀಟರ್ ಹಿಗ್ಗಬಹುದು. ಮೆಲಮೈನ್ ಗಟ್ಟಿ ಪದರ, ಇಷ್ಟು ಎಳೆದಾಟಕ್ಕೆ ಬಾಗುವುದಿಲ್ಲ, ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಸಿಗುವುದಿಲ್ಲ.

ಹಾಗಾಗಿ ಹೊರಗಿನ ಸಾಮಾನಿಗೆ ಎರಡು ಗುಣ ಬೇಕು. ಒಂದು, ಬಿಸಿಲನ್ನು ತಡೆಯುವ ಏನಾದರೂ ಅದರಲ್ಲಿರಬೇಕು. ಎರಡು, ಮರದ ಜೊತೆ ಹಿಗ್ಗಿ ಕುಗ್ಗಬೇಕು. ಡಬ್ಬದ ಮೇಲೆ 'ಎಕ್ಸ್‌ಟೀರಿಯರ್' ಅಂತ ಸ್ಪಷ್ಟವಾಗಿ ಬರೆದಿರಲಿ. ಪಿಯು, ಅಂದರೆ ಪಾಲಿಯುರೆಥೇನ್ ಪಾಲಿಶ್ ಆದರೆ ಅಂಗಡಿಯಲ್ಲಿ 'ಅಲಿಫ್ಯಾಟಿಕ್' ಕೊಡಿ ಅಂತ ಕೇಳಿ. 'ಆರೊಮ್ಯಾಟಿಕ್' ಆದರೆ ಬಿಸಿಲಿಗೆ ಹಳದಿ ತಿರುಗುತ್ತದೆ. ಸಾಧ್ಯವಾದರೆ ಪೂರ್ತಿ ಬಣ್ಣರಹಿತದ್ದು ಬೇಡ, ತೆಳು ಕಂದು ಛಾಯೆ ಇರುವುದನ್ನೇ ತನ್ನಿ. ಆ ಛಾಯೆ ಕೊಡುವುದು ಕಬ್ಬಿಣದ ಆಕ್ಸೈಡ್, ನಮ್ಮೂರ ಗೋಡೆಗಳ ಕಾವಿಯಲ್ಲಿರುವ ವಸ್ತುವೇ. ಬಿಸಿಲಿಗೆ ಅಡ್ಡ ನಿಲ್ಲುವುದು ಅದು.

ಬಡಿಗೇರ, ಪುಣೆ

ಠಾಣೆ ಸರ್ ಹೇಳಿದ ಕಾರಣ ಸರಿ ಇದೆ. ಆದರೆ ತೂಗುಮಣೆಗೆ ಪಿಯು ಪದರ ಹೊಡೆಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ ನೋಡ್ರಿ. ನಮ್ಮದು ಗದಗಿನ ಕಡೆಯ ಬಡಿಗ ಮನೆತನ. ನಾನು ಇಲ್ಲಿ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್ ಹತ್ತಿರ ಕೆಲಸ ಮಾಡುತ್ತೇನೆ.

ಹೊರಗಿನ ಮರಕ್ಕೆ ನಾನು ಕೇಳುವ ಮೊದಲ ಪ್ರಶ್ನೆ ಎಷ್ಟು ವರ್ಷ ಬಾಳಿಕೆ ಬರುತ್ತದೆ ಅನ್ನುವುದಲ್ಲ. ಹಾಳಾದಾಗ ಹೇಗೆ ಹಾಳಾಗುತ್ತದೆ? ಇದು ನನ್ನ ಪ್ರಶ್ನೆ. ಯಾವ ಪಾಲಿಶ್ ಆದರೂ ಬಿಸಿಲು ಮಳೆಯಲ್ಲಿ ಒಂದು ದಿನ ಸೋಲುತ್ತದೆ. ಪದರದ ಪಾಲಿಶ್ ಸೋತರೆ ಹಕ್ಕಳೆ ಏಳುತ್ತದೆ. ಆಗ ಅಷ್ಟನ್ನೂ ಕೆರೆದು ಬರಿ ಮರಕ್ಕೆ ತಂದು ಮತ್ತೆ ಮೊದಲಿಂದ ಶುರು ಮಾಡಬೇಕು. ಎಣ್ಣೆ ಪಾಲಿಶ್ ಸೋತರೆ ಸುಮ್ನೆ ಮಂಕಾಗುತ್ತದೆ. ತೊಳೆದು, ಒಣಗಿಸಿ, ಹಗುರಾಗಿ ಉಜ್ಜಿ ಮತ್ತೊಂದು ಕೈ ಎಣ್ಣೆ ಕೊಟ್ಟರೆ ಆಯಿತು. ಮನೆಯವರೇ ಒಂದು ರವಿವಾರ ಮಾಡಿಕೊಳ್ಳುವ ಕೆಲಸ.

ಅಕ್ಕಾರ, ನೀವು ಹೀಗೆ ಮಾಡಿ. ಹಳೆಯ ವಾರ್ನಿಷ್ ಪೂರ್ತಿ ತೆಗೆಸಿ, ಅರ್ಧಂಬರ್ಧ ಬಿಡಬೇಡಿ. 80 ನಂಬರಿನ ಉಪ್ಪುಕಾಗದದಿಂದ ಶುರು ಮಾಡಿ, 120, ಆಮೇಲೆ 150. ಅಲ್ಲಿಗೆ ನಿಲ್ಲಿಸಿ. ಒಳಗಿನ ಸಾಮಾನಿನ ಹಾಗೆ 320ರವರೆಗೆ ನುಣ್ಣಗೆ ಉಜ್ಜಿದರೆ ಎಣ್ಣೆ ಇಳಿಯಲು ದಾರಿ ಇರುವುದಿಲ್ಲ. ಯಾವಾಗಲೂ ನಾರಿನ ಉದ್ದಕ್ಕೆ ಉಜ್ಜಬೇಕು, ಅಡ್ಡಕ್ಕಲ್ಲ.

ಮುಖ್ಯ ಮಾತು ಇನ್ನು ಬರುತ್ತದೆ. ಹಲಗೆಯ ಎರಡು ತುದಿ ಇದೆಯಲ್ಲ, ಅಡ್ಡಕ್ಕೆ ಕೊಯ್ದ ಜಾಗ, ನೀರು ಜಾಸ್ತಿ ಕುಡಿಯುವುದು ಅಲ್ಲಿಯೇ. ಮೇಲಿನ ಮೈಗಿಂತ ಎಷ್ಟೋ ಪಾಲು ಜಾಸ್ತಿ. ಮರದ ನಾಳಗಳ ಬಾಯಿ ಅಲ್ಲಿ ತೆರೆದಿರುತ್ತದೆ. ಪಾಲಿಶ್ ಮಾಡುವವರು ಮೇಲ್ಮೈಗೆ ಮೂರು ಕೈ ಕೊಡುತ್ತಾರೆ, ತುದಿಗೆ ಬ್ರಷ್ ತಾಗಿಸಿ ಬಿಡುತ್ತಾರೆ. ನೀವು ತದ್ವಿರುದ್ಧ ಮಾಡಿ. ತುದಿಗೆ ಎಣ್ಣೆ ಹಚ್ಚಿ, ಕುಡಿಯಲು ಬಿಡಿ, ಮತ್ತೆ ಹಚ್ಚಿ. ಇನ್ನು ಸಾಕು ಅಂತ ಮರವೇ ಎಣ್ಣೆಯನ್ನು ಮೇಲೆ ನಿಲ್ಲಿಸುತ್ತದೆ, ಅಲ್ಲಿಯವರೆಗೆ ಕೊಡಿ. ಸರಪಳಿಯ ಬೋಲ್ಟ್ ಹೋಗುವ ತೂತು ಸಹ ಹಾಗೆಯೇ. ಬೋಲ್ಟ್ ತೆಗೆದು, ಕಡ್ಡಿಗೆ ಹತ್ತಿ ಸುತ್ತಿ ತೂತಿನ ಒಳಗೋಡೆಗೆ ಎಣ್ಣೆ ಸವರಿ. ತೂಗುಮಣೆ ಕೊಳೆಯಲು ಶುರುವಾಗುವುದು ಆ ತೂತಿನಿಂದ. ಕೆಳಗಿನ ಮೈ ಬಿಡಬೇಡಿ. ಮೇಲೆ ಮಾತ್ರ ಹಚ್ಚಿದರೆ ಒಂದು ಮೈ ತೇವ ಕುಡಿದು ಇನ್ನೊಂದು ಕುಡಿಯದೆ ಹಲಗೆ ದೋಣಿಯಂತೆ ಬಾಗುತ್ತದೆ.

ಎಣ್ಣೆ ಹಚ್ಚಿ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಮರ ಕುಡಿಯದೆ ಮೇಲೆ ಉಳಿದದ್ದನ್ನು ಬಟ್ಟೆಯಿಂದ ಪೂರ್ತಿ ಒರೆಸಬೇಕು. ಹೊಳಪಿನ ಆಸೆಗೆ ಹಾಗೇ ಬಿಟ್ಟರೆ ವಾರಗಟ್ಟಲೆ ಅಂಟುತ್ತದೆ, ಕೂತವರ ಬಟ್ಟೆಗೆ ಹತ್ತುತ್ತದೆ.

ರಾಳ, ಠಾಣೆ

ಬಡಿಗೇರ ಅಣ್ಣ, 'ಹೇಗೆ ಹಾಳಾಗುತ್ತದೆ' ಅನ್ನುವ ನಿಮ್ಮ ಪ್ರಶ್ನೆಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಯಾವ ಎಣ್ಣೆ ಅನ್ನುವುದು ಮಾತ್ರ ಹೇಳಿಬಿಡಿ. ಬರಿ ಅಗಸೆ ಎಣ್ಣೆ ಆದರೆ ಮುಂಬೈಗೆ ನಾನು ಬೇಡ ಅನ್ನುತ್ತೇನೆ. ಹಸಿ ಅಗಸೆ ಎಣ್ಣೆ ಒಣಗಲು ದಿನಗಟ್ಟಲೆ ಬೇಕು, ತೇವದ ದಿನಗಳಲ್ಲಿ ವಾರಗಟ್ಟಲೆ. ಅದೂ ಅಲ್ಲದೆ ಬೂಷ್ಟಿಗೆ ಅದು ಆಹಾರ. ಆಗಸ್ಟ್ ಬರುವಷ್ಟರಲ್ಲಿ ಹಲಗೆ ತುಂಬ ಕಪ್ಪು ಚುಕ್ಕಿ ಕೂತಿರುತ್ತದೆ. ಅಂಗಡಿಯಲ್ಲಿ 'ಬಾಯ್ಲ್ಡ್' ಅಂತ ಸಿಗುವುದಕ್ಕೆ ಬೇಗ ಒಣಗಿಸುವ ಲೋಹದ ಲವಣ ಸೇರಿಸಿರುತ್ತಾರೆ. ಒಣಗುವುದು ಬೇಗ, ಬೂಷ್ಟಿನ ಕಾಟ ಮಾತ್ರ ಇದ್ದೇ ಇರುತ್ತದೆ. ಹೊರಗಿನ ಬಳಕೆಯ ಡೆಕ್ ಆಯಿಲ್ ಅಂತ ಬರುತ್ತದಲ್ಲ, ಅದರಲ್ಲಿ ಬೂಷ್ಟು ತಡೆಯುವ ಔಷಧಿ, ಛಾಯೆ ಎರಡೂ ಇರುತ್ತವೆ. ಬಾಲ್ಕನಿಗೆ ಅದೇ ಒಳ್ಳೆಯದು.

ಬಡಿಗೇರ, ಪುಣೆ

ನಾನು ಬರಿ ಅಗಸೆ ಎಣ್ಣೆ ಕೊಡುವುದಿಲ್ಲ ಸರ್. ಬಾಯ್ಲ್ಡ್ ಅಗಸೆ ಎಣ್ಣೆ, ಹೊರಗಿನ ಬಳಕೆಯ ವಾರ್ನಿಷ್, ಟರ್ಪೆಂಟೈನ್ ಮೂರೂ ಸಮಪಾಲು ಕೂಡಿಸಿ, ಬಟ್ಟೆಯಲ್ಲಿ ಹಚ್ಚಿ ಒರೆಸುತ್ತೇನೆ. ಪುಣೆಯ ಗಾಳಿಗೆ ಅದು ಚೆನ್ನಾಗಿ ಹೊಂದಿದೆ. ಇಲ್ಲಿ ಮಳೆಯೂ ಕಡಿಮೆ, ಮಾರ್ಚ್ ಏಪ್ರಿಲ್ ಅಂದರೆ ಒಣ ಗಾಳಿ. ಡೊಂಬಿವಲಿಗೆ ನೀವು ಹೇಳಿದ ಡೆಕ್ ಆಯಿಲ್ ಆಗಲಿ, ನನ್ನ ತಕರಾರಿಲ್ಲ. ಪದರ ಕಟ್ಟಬಾರದು, ಅಷ್ಟೇ ನನ್ನ ಮಾತು.

ಇಲ್ಲಿಯ ಹಳೆಯ ವಾಡೆಗಳನ್ನು ನೋಡುವಾಗ ಒಂದು ವಿಷಯ ಗಮನಿಸಿ. ವಿಶ್ರಾಮಬಾಗ್ ವಾಡೆಯ ಮುಂಭಾಗದ ಮರದ ಕೆತ್ತನೆ ಎಲ್ಲರೂ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ. ನೀವು ಕಂಬದ ಬುಡ ನೋಡಿ. ವಾಡೆಗಳಲ್ಲಿ ಸಾಗುವಾನಿ ಕಂಬವನ್ನು ನೆಲಕ್ಕೆ ಹೂಳುವುದಿಲ್ಲ, ಕಲ್ಲಿನ ಪೀಠದ ಮೇಲೆ ನಿಲ್ಲಿಸುತ್ತಾರೆ. ಅಡ್ಡಕ್ಕೆ ಕೊಯ್ದ ತುದಿಗೆ ನೆಲದ ತೇವ ತಾಗುವುದಿಲ್ಲ. ಮೇಲೆ ಸೂರು ಹೊರಗೆ ಚಾಚಿರುತ್ತದೆ, ಮಳೆ ಮರಕ್ಕೆ ನೇರ ಬಡಿಯುವುದಿಲ್ಲ. ಕಟ್ಟಿದವರು ಅರ್ಧ ರಕ್ಷಣೆಯನ್ನು ಕಟ್ಟುವಾಗಲೇ ಕೊಟ್ಟಿದ್ದಾರೆ. ಮರದೊಳಗಿನ ತೇವ ಶೇ 20ರ ಕೆಳಗೆ ಉಳಿದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಬಾಲ್ಕನಿಗೆ ಒಂದು ಬಿದಿರಿನ ಚಿಕ್ ಪರದೆ ಇಳಿಬಿಟ್ಟರೆ ಯಾವ ಪಾಲಿಶ್ ಆದರೂ ಜಾಸ್ತಿ ದಿನ ಬಾಳುತ್ತದೆ.

ವಾಸ್ಕೊ ಹುಡುಗ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಬಾಡಿಗೆ ಮನೆಯ ಮಾಲೀಕರು ಮಾಡಿನ ಪಕಾಸಿಗೆ ಗೇರು ಎಣ್ಣೆ ಹೊಡೆಸುತ್ತಾರೆ. ಗೆದ್ದಲು ಬರುವುದಿಲ್ಲವಂತೆ. ಅದನ್ನೇ ಬೆಂಚಿಗೂ ಹೊಡೆಯಬಹುದಾ? ಇಲ್ಲಿ ಅಗ್ಗಕ್ಕೆ ಸಿಗುತ್ತದೆ.

ಗೇರುತೋಟ, ಪೊಂಡಾ

ಬೆಂಚಿಗೆ ಬೇಡ ತಮ್ಮ. ಗೇರು ಎಣ್ಣೆ ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ. ಗೋವಾದಲ್ಲಿ, ನಮ್ಮ ಕಾರವಾರ, ಮಂಗಳೂರು ಕಡೆಯಲ್ಲಿ, ಕೇರಳದಲ್ಲಿ ಮೀನುಗಾರರು ಮರದ ದೋಣಿಗೆ ಹಚ್ಚುತ್ತಾ ಬಂದಿದ್ದಾರೆ. ಗೆದ್ದಲು, ಕೊರೆಯುವ ಹುಳ ಎರಡೂ ಅದರ ಹತ್ತಿರ ಸುಳಿಯುವುದಿಲ್ಲ. ಪಕಾಸು, ರೀಪು, ತೊಲೆಯ ಗೋಡೆಯೊಳಗೆ ಹೋಗುವ ತುದಿ, ಬಾಗಿಲು ಚೌಕಟ್ಟಿನ ಗೋಡೆ ಕಡೆಯ ಬೆನ್ನು, ಇಂಥ ಕಣ್ಣಿಗೆ ಕಾಣದ, ಕೈ ತಾಗದ ಜಾಗಕ್ಕೆ ತುಂಬಾ ಒಳ್ಳೆಯದು.

ಆದರೆ ಚರ್ಮ ಸುಡುತ್ತದೆ. ಹಸಿ ಗೇರುಬೀಜ ಒಡೆದವರ ಬೆರಳು ನೋಡಿದ್ದೀರಿ ಅಲ್ವಾ? ಕಪ್ಪಾಗಿ ಸಿಪ್ಪೆ ಸುಲಿದಿರುತ್ತದೆ. ಅದೇ ಎಣ್ಣೆ ಇದು. ಹಚ್ಚುವಾಗ ರಬ್ಬರ್ ಗವಸು, ಉದ್ದ ತೋಳಿನ ಅಂಗಿ ಬೇಕೇ ಬೇಕು. ಕಣ್ಣಿಗೆ ಹಾರದ ಹಾಗೆ ನೋಡಿಕೊಳ್ಳಬೇಕು. ನಿಧಾನಕ್ಕೆ ಒಣಗುತ್ತದೆ, ಕಪ್ಪಗೆ ಕಾಣುತ್ತದೆ. ಮಕ್ಕಳು ಕೂರುವ, ಕೈ ಇಡುವ ಯಾವುದಕ್ಕೂ ಹಚ್ಚಬಾರದು.

ಗೋವಾದ ಹಳೆಯ ಮನೆಗಳ ಬಗ್ಗೆ ಇನ್ನೊಂದು ಮಾತು. ಇಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಗಾಜಿನ ಬದಲು ಚಿಪ್ಪು ಕೂರಿಸಿದ ಕಿಟಕಿ ಇರುವ ಮನೆಗಳಲ್ಲಿ ಒಂದೊಂದು ಚಿಪ್ಪಿಗೂ ಸಣ್ಣ ಮರದ ಪಟ್ಟಿ. ನೀರು ನಿಲ್ಲುವುದು ಆ ಪಟ್ಟಿಯ ಕೆಳಗಿನ ಸಂದಿಯಲ್ಲಿ. ರಿಪೇರಿ ಮಾಡಿಸುವವರು ಹೊರಮೈಗೆ ದಪ್ಪ ಪಾಲಿಶ್ ಬಳಿಸಿ ಸಂದಿ ಮುಚ್ಚಿಬಿಡುತ್ತಾರೆ. ಆಗ ಒಳಗೆ ಹೋದ ನೀರು ಅಲ್ಲೇ ಕೂತು ಪಟ್ಟಿ ಕೊಳೆಯುತ್ತದೆ. ದಯವಿಟ್ಟು ಹಾಗೆ ಮಾಡಿಸಬೇಡಿ. ಪಟ್ಟಿ ಬಿಚ್ಚಿ, ನಾಲ್ಕೂ ಮೈಗೆ ಎಣ್ಣೆ ಕೊಟ್ಟು ಮತ್ತೆ ಕೂರಿಸಿ. ಕೆಲಸ ಜಾಸ್ತಿ, ಕೂಲಿಯೂ ಜಾಸ್ತಿ. ಆದರೆ ಆ ಕಿಟಕಿ ಹೋದರೆ ಮತ್ತೆ ಮಾಡಿಕೊಡುವ ಕೈಗಳು ಸಿಗುವುದು ಕಷ್ಟ.

ಮಾಟುಂಗಾ ಹಿರಿಯ

ತಂಗೀ, ನಿನ್ನ ಅಜ್ಜನ ಕುರ್ಚಿಯ ಬಗ್ಗೆ ಯಾರೂ ಹೇಳಲಿಲ್ಲ. ಅದರ ಮೇಲೆ ಏನೂ ಹೊಡೆಸುವ ಮೊದಲು ಈಗ ಇರುವ ಪಾಲಿಶ್ ಯಾವುದು ಅಂತ ತಿಳಿದುಕೋ. ಕುರ್ಚಿಯ ಅಡಿಯಲ್ಲಿ, ಕಾಣದ ಜಾಗದಲ್ಲಿ, ಹತ್ತಿಗೆ ಪಾಲಿಶ್ ಅಂಗಡಿಯ ಸ್ಪಿರಿಟ್ ಅದ್ದಿ ಸ್ವಲ್ಪ ಹೊತ್ತು ಒತ್ತಿ ಹಿಡಿ. ಅಂಟಂಟಾಗಿ ಕಂದು ಬಣ್ಣ ಬಿಟ್ಟರೆ ಅದು ಅರಗಿನ ಫ್ರೆಂಚ್ ಪಾಲಿಶ್. ಬಿಡದಿದ್ದರೆ ಇನ್ನೊಂದು ಹತ್ತಿಗೆ ಥಿನ್ನರ್ ಹಾಕಿ ನೋಡು. ಥಿನ್ನರ್‌ಗೆ ಕರಗಿದರೆ ಎನ್‌ಸಿ (ನೈಟ್ರೊಸೆಲ್ಯುಲೋಸ್) ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು.

ಬಿಳಿ ಉಂಗುರ ಅಂದೆಯಲ್ಲ, ಬಿಸಿ ಕಪ್ಪಿಗೆ ಹಾಗೆ ಬಿಳಿಯಾಗುವುದು ಅರಗಿನ ಸ್ವಭಾವ. ಅರಗೇ ಆಗಿದ್ದರೆ ಕೆರೆಯಿಸಬೇಡ. ಅದೊಂದು ದೊಡ್ಡ ಗುಣ ಆ ಪಾಲಿಶ್‌ಗೆ. ಹೊಸ ಪದರ ಹಳೆಯದನ್ನು ಕರಗಿಸಿಕೊಂಡು ಒಂದಾಗುತ್ತದೆ. ಒಳ್ಳೆಯ ಕೈ ಇದ್ದರೆ ಅಜ್ಜ ಕೂತ ಪಾಲಿಶ್ ಅಲ್ಲೇ ಉಳಿಯುತ್ತದೆ, ಮೇಲೆ ಹೊಸ ಜೀವ ಬರುತ್ತದೆ.

ಕೋಟೇಶ್ವರದಾಕೆ, ಡೊಂಬಿವಲಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಿರಿಯರೇ, ನೀವು ಹೇಳಿದ ಹಾಗೆ ಸ್ಪಿರಿಟ್ ಒತ್ತಿ ನೋಡಿದೆ. ಹತ್ತಿಗೆ ಜೇನಿನ ಬಣ್ಣ ಹತ್ತಿತು, ಬೆರಳಿಗೆ ಅಂಟಿತು. ಅಂದರೆ ಅರಗು ಅಲ್ವಾ? ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದಾ? ಮೇಲೆ ಪಿಯು ಹೊಡೆಸಿದರೆ ಕಪ್ಪಿನ ಕಲೆ ಬೀಳುವುದಿಲ್ಲ ಅಂತ ಪಾಲಿಶ್‌ನವರು ಹೇಳುತ್ತಿದ್ದಾರೆ.

ಎದ್ದ ಹಕ್ಕಳೆಯ ಹಿಂಬದಿಯನ್ನೂ ನೋಡಿದೆ. ಬೂದಿ ಬಣ್ಣದ ಸಣ್ಣ ನಾರು ಅಂಟಿಕೊಂಡಿದೆ.

ಮಾಟುಂಗಾ ಹಿರಿಯ

ಅರಗೇ ಅದು. ಧೈರ್ಯವಾಗಿ ಮನೆಯಲ್ಲೇ ಮಾಡು. ಚಪಡಾ ಅಂತ ಕೇಳಿದರೆ ಅರಗಿನ ತೆಳು ಚಕ್ಕೆ ಕೊಡುತ್ತಾರೆ. ಲೀಟರ್ ಸ್ಪಿರಿಟ್‌ಗೆ ಸುಮಾರು 240 ಗ್ರಾಂ ಲೆಕ್ಕ. ಒಂದು ಕುರ್ಚಿಗೆ ಕಾಲು ಲೀಟರ್ ಮಾಡಿಕೊಂಡರೆ ಧಾರಾಳ. ಗಾಜಿನ ಬಾಟಲಿಯಲ್ಲಿ ರಾತ್ರಿ ನೆನೆಹಾಕು, ಆಗಾಗ ಅಲ್ಲಾಡಿಸು, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸು. ಬೇಕಾದಷ್ಟೇ ಮಾಡು. ಕಲಸಿಟ್ಟದ್ದು ಆರು ತಿಂಗಳು ದಾಟಿದರೆ ಗಟ್ಟಿಯಾಗಿ ಒಣಗುವುದಿಲ್ಲ, ಅಂಟಂಟಾಗಿಯೇ ಉಳಿಯುತ್ತದೆ.

ಹಳೆಯ ಮಲ್ಲಿನ ಬಟ್ಟೆಯೊಳಗೆ ಹತ್ತಿ ಉಂಡೆ ಕಟ್ಟಿಕೋ. ಹತ್ತಿಗೆ ಪಾಲಿಶ್ ಕುಡಿಸು, ಬಟ್ಟೆಯ ಮೇಲೆ ಸುರಿಯಬೇಡ. ಅಂಗೈ ಮೇಲೆ ಒತ್ತಿದರೆ ಸ್ವಲ್ಪ ಜಿನುಗಬೇಕು, ಸುರಿಯಬಾರದು. ನಾರಿನ ಉದ್ದಕ್ಕೆ ಒಂದೇ ಎಳೆತ. ನಡುವೆ ನಿಲ್ಲಿಸಿದರೆ ಉಂಡೆ ಅಲ್ಲೇ ಹಿಡಿದು ಕಲೆಯಾಗುತ್ತದೆ. ಕೈ ಸರಿಯುತ್ತಲೇ ಬರಬೇಕು, ಸರಿಯುತ್ತಲೇ ಹೋಗಬೇಕು. ತೆಳು ತೆಳು ಪದರ, ಜಾಸ್ತಿ ಸಲ. ಉಂಡೆ ಎಳೆಯಲು ಶುರುವಾದರೆ ಅದರ ತಳಕ್ಕೆ ಒಂದು ಹನಿ ಎಣ್ಣೆ ತಾಗಿಸು. ಬಿಳಿ ಉಂಗುರದ ಮೇಲೆ ಮೊದಲು ಬರಿ ಸ್ಪಿರಿಟ್ ಸ್ವಲ್ಪವೇ ಸೋಕಿಸಿದ ಉಂಡೆಯಿಂದ ಹಗುರಾಗಿ ಸವರು. ಒಳಗೆ ಸಿಕ್ಕಿದ ತೇವ ಆರಿ, ಬಿಳಿ ಹೋಗುವ ಸಂಭವ ಇದೆ.

ಈ ಅರಗು ನಮಗೆ ಹೊಸದಲ್ಲ. ಚನ್ನಪಟ್ಟಣದವರು ಹಾಲೆ ಮರದ ಗೊಂಬೆಯನ್ನು ತಿರುಗಿಸುತ್ತಾ ಬಣ್ಣದ ಅರಗು ಒತ್ತುತ್ತಾರೆ, ತಾಳೆ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಗೋವಾದ ಹಾದಿಯ ಸಾವಂತವಾಡಿಯಲ್ಲೂ ಅರಗಿನ ಬಣ್ಣದ ಆಟಿಕೆ ಮಾಡುವವರಿದ್ದಾರೆ. ಮಗು ಬಾಯಿಗಿಟ್ಟರೂ ಹೆದರಬೇಕಿಲ್ಲದ ಪಾಲಿಶ್ ಅದು. ಅದನ್ನು ಕೆರೆಸಿ ಪ್ಲಾಸ್ಟಿಕ್ ಹೊಳಪು ಯಾಕೆ ಬೇಕು? ಕಪ್ಪಿನ ಕೆಳಗೆ ಒಂದು ಬಟ್ಟೆ ಇಡು, ಸಾಕು.

ರಾಳ, ಠಾಣೆ

ಹಿರಿಯರ ಮಾತಿಗೆ ಒಂದು ತಾಂತ್ರಿಕ ಕಾರಣವನ್ನೂ ಸೇರಿಸುತ್ತೇನೆ. ಸಾಮಾನ್ಯ ಚಪಡಾದಲ್ಲಿ ಮೇಣದ ಅಂಶ ಇರುತ್ತದೆ, ಪಿಯು ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಇನ್ನೊಂದು ವಿಚಿತ್ರ ಬೀಟೆಯದ್ದು. ಅದರೊಳಗಿನ ಸ್ವಾಭಾವಿಕ ಎಣ್ಣೆಗಳು ಎಣ್ಣೆ ಆಧಾರದ ವಾರ್ನಿಷ್ ಒಣಗುವುದನ್ನೇ ತಡೆಯುತ್ತವೆ. ಬರಿ ಬೀಟೆಗೆ ವಾರ್ನಿಷ್ ಹೊಡೆದರೆ ದಿನಗಟ್ಟಲೆ ಅಂಟುತ್ತಿರಬಹುದು. ಮೇಣ ತೆಗೆದ ಅರಗನ್ನು ಒಂದು ಕೈ ಮೊದಲು ಕೊಟ್ಟರೆ ಆ ತೊಂದರೆ ಇಲ್ಲ. ಸಾಗುವಾನಿಯೂ ಎಣ್ಣೆಯ ಮರವೇ. ಮುಂಬಾಗಿಲಿಗೆ ಹೊಡೆಸುವ ಮುಂಚೆ ಮೈಯನ್ನು ಥಿನ್ನರ್ ಬಟ್ಟೆಯಿಂದ ಒರೆಸಿಸಿ, ಆರಿದ ಕೂಡಲೇ ಮೊದಲ ಕೋಟು ಕೊಡಿಸಿ.

ಬಾಗಿಲಿಗೆ ಮೆಲಮೈನ್ ನಡೆಯುತ್ತದೆ, ಮಳೆ ಬಿಸಿಲು ಇಲ್ಲದ ಕಾರಣ. ಪಿಯು ಇನ್ನೂ ಗಟ್ಟಿ. ಎರಡರಲ್ಲಿ ಯಾವುದಾದರೂ ಬಾಗಿಲಿನ ತಲೆ ಮತ್ತು ಪಾದಕ್ಕೆ ಹೊಡೆದಿದ್ದಾರಾ ಅಂತ ಕೈ ಹಾಕಿ ನೋಡಿ. ಬಾಗಿಲು ಇಳಿಸದೆ ಪಾಲಿಶ್ ಮಾಡಿದರೆ ಕೆಳಗಿನ ಅಂಚು ಬರಿ ಮರವೇ ಆಗಿರುತ್ತದೆ. ನೆಲ ಒರೆಸುವ ನೀರು ದಿನಾ ಅಲ್ಲಿಗೇ ತಾಗುತ್ತದೆ.

ಬಡಿಗೇರ, ಪುಣೆ

ಅದಕ್ಕೇ ಉಬ್ಬುತ್ತದೆ! ಮತ್ತೊಂದು ಮಾತು. ಮಳೆಗಾಲದಲ್ಲಿ ಬಾಗಿಲು ಹಿಡಿಯಿತು ಅಂತ ಬಡಿಗನನ್ನು ಕರೆದು ಆಗಲೇ ರಂದಾ ಹೊಡೆಸಬೇಡಿ. ಉಬ್ಬಿದ ಮರ ಬೇಸಿಗೆಗೆ ಇಳಿಯುತ್ತದೆ, ಆಮೇಲೆ ಸಂದಿ ಉಳಿದುಬಿಡುತ್ತದೆ. ರಂದಾ ಹೊಡೆದ ಅಂಚು ಬರಿ ಮರ, ಮುಂದಿನ ವರ್ಷ ಇನ್ನೂ ಜಾಸ್ತಿ ನೀರು ಕುಡಿಯುತ್ತದೆ. ಒಣ ದಿನಗಳಲ್ಲಿ ಬಾಗಿಲು ಇಳಿಸಿ, ಬೇಕಾದಷ್ಟೇ ತೆಗೆದು, ಆರೂ ಮೈಗೆ ಪಾಲಿಶ್ ಕೊಟ್ಟು ನಿಲ್ಲಿಸಿ.

ತೂಗುಮಣೆಗೆ ಕಬ್ಬಿಣದ ಬೋಲ್ಟ್ ಇದ್ದರೆ ಸ್ಟೀಲಿನದಕ್ಕೆ ಬದಲಿಸಿ. ಒದ್ದೆ ಕಬ್ಬಿಣ ಮತ್ತು ಮರದ ಒಗರು ಸೇರಿದರೆ ನೀಲಿ ಕಪ್ಪು ಕಲೆ. ಅಂಗಡಿಯಲ್ಲಿ 304 ನಂಬರಿನ ಸ್ಟೇನ್‌ಲೆಸ್ ಸ್ಟೀಲ್ ಕೇಳಿ. ಸಮುದ್ರದ ಗಾಳಿ ನೇರ ಬಡಿಯುವ ಕಡೆ 316.

ಚಾಳಿನ ಹಳಬ, ಗಿರಗಾಂವ್

ಚೌತಿಯ ಪ್ರಶ್ನೆಗೆ ಯಾರಾದರೂ ನೇರ ಉತ್ತರ ಕೊಡಿ. ಪ್ರತಿ ವರ್ಷ ನಮ್ಮವರೆಲ್ಲ ಆಗಸ್ಟ್‌ನಲ್ಲೇ ಪಾಲಿಶ್‌ಗೆ ಓಡುತ್ತಾರೆ.

ರಾಳ, ಠಾಣೆ

ನೇರ ಉತ್ತರ: ಮಳೆ ಹಿಡಿದ ದಿನಗಳಲ್ಲಿ ಬೇಡ. ಗಾಳಿಯ ತೇವ ಶೇ 85 ದಾಟಿದಾಗ ಲ್ಯಾಕರ್ ಮತ್ತು ಅರಗಿನ ಪಾಲಿಶ್ ಹೊಡೆದರೆ ಥಿನ್ನರ್, ಸ್ಪಿರಿಟ್ ಬೇಗ ಆವಿಯಾಗುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಇಳಿಯುತ್ತದೆ. ಹಾಲು ಚೆಲ್ಲಿದ ಬಿಳುಪು ಉಳಿಯುತ್ತದೆ. ಎರಡು ಡಬ್ಬ ಕಲಸಿ ಹೊಡೆಯುವ ಪಿಯು ಇನ್ನೂ ಸೂಕ್ಷ್ಮ. ಅದರ ಗಟ್ಟಿಕಾರಕ ನೀರಿನ ಜೊತೆ ಸೇರಿದರೆ ಇಂಗಾಲದ ಡೈ ಆಕ್ಸೈಡ್ ಹೊರಡುತ್ತದೆ, ಪದರದ ತುಂಬ ಸಣ್ಣ ಗುಳ್ಳೆ. ಅದೆಲ್ಲಕ್ಕಿಂತ ದೊಡ್ಡ ತೊಂದರೆ ಮರವೇ ಆಗ ಒದ್ದೆ ಇರುವುದು. ಉಬ್ಬಿದ ಮರದ ಮೇಲೆ ಪದರ ಮುಚ್ಚಿ, ಬೇಸಿಗೆಗೆ ಮರ ಇಳಿದಾಗ ಜೋಡಣೆಗಳಲ್ಲಿ ಬಿರುಕು ಕಾಣುತ್ತದೆ.

ಮುಂಬೈ, ಗೋವಾ ಎರಡಕ್ಕೂ ದೀಪಾವಳಿ ಕಳೆದ ಮೇಲೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ ಮಧ್ಯಾಹ್ನದೊಳಗೆ ಮುಗಿಸಿ. ಉರಿ ಬಿಸಿಲಲ್ಲೂ ಬೇಡ. ಮೇಲಿನ ಪದರ ಮೊದಲು ಒಣಗಿ ಒಳಗಿನದು ಹಸಿ ಉಳಿಯುತ್ತದೆ. ಚೌತಿಗೆ ಕುರ್ಚಿ, ಬಾಗಿಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ. ತೋರಣ ಕಟ್ಟಿದರೆ ಚೆಂದವೇ ಕಾಣುತ್ತದೆ.

ನರ್ಸ್, ವಾಶಿ

ಬೆಂಕಿ ಮತ್ತು ಉಸಿರಾಟದ ಬಗ್ಗೆ ಒಬ್ಬರೂ ಎಚ್ಚರಿಕೆಯ ಮಾತು ಹೇಳಲಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ದಯವಿಟ್ಟು ಎಲ್ಲರೂ ಓದಿ.

ಅಗಸೆ ಎಣ್ಣೆ ಅಥವಾ ಅಂಥ ಒಣಗುವ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಕಸದ ಡಬ್ಬಕ್ಕೂ ಹಾಕಬೇಡಿ. ಆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಬಿಸಿ ಹೊರಗೆ ಹೋಗಲು ಆಗದೆ ಕೆಲವು ಗಂಟೆಗಳಲ್ಲಿ ತಾನಾಗಿಯೇ ಬೆಂಕಿ ಹತ್ತಬಹುದು. ಬೆಂಕಿಕಡ್ಡಿ ಬೇಕಿಲ್ಲ, ಯಾರೂ ಹಚ್ಚಬೇಕಿಲ್ಲ. ಬಟ್ಟೆಯನ್ನು ಒಂದೊಂದಾಗಿ ಬಿಡಿಸಿ ಹೊರಗೆ ಹರವಿ, ಗರಿಗರಿ ಒಣಗಿದ ಮೇಲೆ ಎಸೆಯಿರಿ. ಇಲ್ಲವೇ ನೀರು ತುಂಬಿದ, ಮುಚ್ಚಳದ ತಗಡಿನ ಡಬ್ಬದಲ್ಲಿ ಮುಳುಗಿಸಿ.

ಎರಡು ಡಬ್ಬದ ಪಿಯು ಸ್ಪ್ರೇ ಮಾಡುವಾಗ ಮನೆಯಲ್ಲಿ ಮಕ್ಕಳು, ದಮ್ಮು ಇರುವವರು ಇರಲೇಬಾರದು. ಗಟ್ಟಿಕಾರಕದಲ್ಲಿ ಐಸೊಸೈನೇಟ್ ಇರುತ್ತದೆ. ಒಮ್ಮೆ ದೇಹಕ್ಕೆ ಅದು ಒಗ್ಗದೆ ಹೋದರೆ ಮುಂದೆ ಚೂರು ತಾಗಿದರೂ ಉಬ್ಬಸ ಬರುತ್ತದೆ. ಬಟ್ಟೆ ಮಾಸ್ಕ್, ಕೊರೋನಾ ಕಾಲದ ಮಾಸ್ಕ್ ಇದಕ್ಕೆ ಏನೂ ಉಪಯೋಗವಿಲ್ಲ. ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಕೆಲಸಕ್ಕೆ ಬರುವ ಹುಡುಗರಿಗೆ ಕರವಸ್ತ್ರ ಕಟ್ಟಿಸಿ ಮುಚ್ಚಿದ ಕೋಣೆಯಲ್ಲಿ ಸ್ಪ್ರೇ ಮಾಡಿಸುವವರನ್ನು ನೋಡಿದ್ದೇನೆ. ತುಂಬಾ ಬೇಸರವಾಗುತ್ತದೆ. ಅವರು ದಿನಾ ಅದನ್ನೇ ಉಸಿರಾಡುತ್ತಾರೆ. ಮಾಸ್ಕ್ ಇಲ್ಲದೆ ಬಂದರೆ ಕೆಲಸ ಶುರು ಮಾಡಲು ಬಿಡಬೇಡಿ, ಬೇಕಾದರೆ ನೀವೇ ತರಿಸಿಕೊಡಿ.

ಗೋರೆಗಾಂವ್ ಬಾಡಿಗೆ ಮನೆ

ನನ್ನದು ಸಣ್ಣ ಪ್ರಶ್ನೆ. ಓಶಿವರಾದಲ್ಲಿ ಸೆಕೆಂಡ್‌ಹ್ಯಾಂಡ್ ಟೇಬಲ್ ಕೊಂಡೆ. ಮೇಲೆ ಸಾಗುವಾನಿ ಅಂತ ಕಾಣುತ್ತದೆ. ಅಂಚಿನಲ್ಲಿ ಪ್ಲೈವುಡ್ ಪದರ ಕಾಣುತ್ತದೆ. ಇದನ್ನೂ 80ರಿಂದ ಉಜ್ಜಲಾ?

ಬಡಿಗೇರ, ಪುಣೆ

ಬೇಡ ಬೇಡ! ಅದು ವಿನೀರ್, ಪ್ಲೈ ಮೇಲೆ ಅಂಟಿಸಿದ ಮರದ ತೆಳು ಹಾಳೆ. ಅರ್ಧ ಮಿಲಿಮೀಟರಿನಷ್ಟೂ ಇರಲಿಕ್ಕಿಲ್ಲ. 80 ಹಿಡಿದರೆ ನಾಲ್ಕು ಉಜ್ಜಿಗೆ ಕೆಳಗಿನ ಪ್ಲೈ ಕಾಣುತ್ತದೆ, ಆಮೇಲೆ ಏನು ಮಾಡಿದರೂ ಮುಚ್ಚುವುದಿಲ್ಲ. 320 ಕೈಯಲ್ಲೇ ಹಗುರಾಗಿ ತಾಗಿಸಿ, ಧೂಳು ಒರೆಸಿ, ನೀರಿನ ಪಿಯು ಎರಡು ಕೋಟು ಕೊಡಿ. ವಾಸನೆ ಕಡಿಮೆ, ಬಾಡಿಗೆ ಮನೆಗೆ ಅನುಕೂಲ. ಮೊದಲ ಕೋಟಿಗೆ ನಾರು ಮುಳ್ಳಿನ ಹಾಗೆ ಏಳುತ್ತದೆ, ಗಾಬರಿಯಾಗಬೇಡಿ. ಒಣಗಿದ ಮೇಲೆ ಮತ್ತೆ 320 ತಾಗಿಸಿ ಎರಡನೇ ಕೋಟು. ಅಂಚನ್ನೂ ಮರೆಯಬೇಡಿ.

ಟೇಬಲ್ಲಿನ ಕೆಳಗೆ ಸಣ್ಣ ತೂತು, ನೆಲದ ಮೇಲೆ ಹಿಟ್ಟಿನಂಥ ಪುಡಿ ಬೀಳುತ್ತಿದೆಯಾ ನೋಡಿ. ಬೀಳುತ್ತಿದ್ದರೆ ಕುಟ್ಟೆ ಹುಳ. ಅದಕ್ಕೆ ಮೊದಲು ಔಷಧಿ, ಆಮೇಲೆ ಪಾಲಿಶ್. ಪಾಲಿಶ್ ಒಳಗಿರುವ ಹುಳವನ್ನು ಕೊಲ್ಲುವುದಿಲ್ಲ.

ಕೋಟೇಶ್ವರದಾಕೆ, ಡೊಂಬಿವಲಿ

ಪಾಲಿಶ್‌ನವರಿಗೆ ಫೋನ್ ಮಾಡಿ ದೀಪಾವಳಿ ಆದ ಮೇಲೆ ಬನ್ನಿ ಅಂದೆ. ಬಾಗಿಲು ಮಾತ್ರ ಅವರಿಗೆ, ಇಳಿಸಿ ಆರೂ ಮೈಗೆ ಹೊಡೆಯಬೇಕು ಅಂತ ಮೊದಲೇ ಮಾತಾಡಿದ್ದೇನೆ. ಒಪ್ಪಿದರು. ಕುರ್ಚಿ, ತೂಗುಮಣೆ ನಾವೇ ಮಾಡುತ್ತೇವೆ. ಡೆಕ್ ಆಯಿಲ್ ಸಾಕು ಅಂತ ತೀರ್ಮಾನ. ಮತ್ತೆ ಯಾವಾಗ ಎಣ್ಣೆ ಕೊಡಬೇಕು ಅಂತ ಗೊತ್ತಾಗುವುದು ಹೇಗೆ?

ಇನ್ನೊಂದು. ಅತ್ತೆ ಕೇಳುತ್ತಿದ್ದಾರೆ, ಚಪಾತಿ ಮಣೆ, ಲಟ್ಟಣಿಗೆ ಒಣಗಿ ಬಿರುಕು ಬಿಡುತ್ತಿವೆ, ಅವಕ್ಕೂ ಇದೇ ಎಣ್ಣೆ ಹಚ್ಚಬಹುದಾ ಅಂತ.

ಬಡಿಗೇರ, ಪುಣೆ

ತೂಗುಮಣೆಯ ಮೇಲೆ ನೀರು ಚಿಮುಕಿಸಿ ನೋಡಿ. ಹನಿ ಗುಂಡಗೆ ನಿಂತರೆ ಇನ್ನೂ ಎಣ್ಣೆ ಇದೆ. ಹರಡಿ, ಮರ ಕಪ್ಪಾಗಿ ಹೀರಿಕೊಂಡರೆ ಕೊಡುವ ಹೊತ್ತು ಬಂತು. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಮಳೆ ಬರುವ ಮೊದಲು ಹೀಗೆ ನೋಡುವುದು ಒಳ್ಳೆಯದು. ತುದಿಗಳನ್ನು ಮೊದಲು ನೋಡಿ.

ಚಪಾತಿ ಮಣೆಗೆ ಡೆಕ್ ಆಯಿಲ್ ಮುಟ್ಟಿಸಲೇಬೇಡಿ, ಅದರಲ್ಲಿ ಬೂಷ್ಟಿನ ಔಷಧಿ ಇದೆ. ಹಿಟ್ಟು ತಾಗುವ ಸಾಮಾನು ಅದು.

ಗೇರುತೋಟ, ಪೊಂಡಾ

ಚಪಾತಿ ಮಣೆಗೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್, ಬರಿಯದು, ಬೇರೆ ಏನೂ ಸೇರಿಸದ್ದು. ಬಿಸಿ ನೀರಿನ ಮೇಲೆ ಪಾತ್ರೆ ಇಟ್ಟು, ನಾಲ್ಕು ಪಾಲು ಪ್ಯಾರಾಫಿನ್‌ಗೆ ಒಂದು ಪಾಲು ಜೇನುಮೇಣ ಕರಗಿಸಿ. ನೇರ ಉರಿಗೆ ಇಡಬೇಡಿ. ಮಣೆಯನ್ನು ತೊಳೆದು ಪೂರ್ತಿ ಒಣಗಿಸಿ, ಇದನ್ನು ಸವರಿ ರಾತ್ರಿ ಬಿಟ್ಟು ಬೆಳಿಗ್ಗೆ ಒರೆಸಿ. ತೆಂಗಿನೆಣ್ಣೆ ಹಚ್ಚುವ ರೂಢಿ ನಮ್ಮಲ್ಲೂ ಇದೆ, ಆದರೆ ಅದು ಒಣಗುವ ಎಣ್ಣೆ ಅಲ್ಲ, ದಿನ ಕಳೆದರೆ ಕನರು ವಾಸನೆ ಬರಬಹುದು. ಬಿರುಕು ಆಗಲೇ ಆಳಕ್ಕೆ ಹೋಗಿದ್ದರೆ ಅತ್ತೆಗೆ ಹೊಸ ಮಣೆ ಕೊಡಿಸಿ ಅಕ್ಕ. ಬಿರುಕಿನಲ್ಲಿ ಹಿಟ್ಟು ಕೂತು ಹುಳಿಯುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ.

ಕೋಟೇಶ್ವರದಾಕೆ, ಡೊಂಬಿವಲಿ

ಲಟ್ಟಣಿಗೆ ಚೆನ್ನಾಗಿದೆ, ಮಣೆಯ ಬಿರುಕು ಆಳ ಇದೆ. ಹೊಸದನ್ನೇ ತರುತ್ತೇವೆ.